ಬರ್ಬನ್ನಿನ ಒರೆಗಲ್ಲು

ಚಿನ್ನಕ್ಕೆ ಒರೆಗಲ್ಲುಂಟು, ಮುತ್ತು ರತ್ನಗಳಿಗೆ ಪರೀಕ್ಷಕರುಂಟು. ಹದಿನೈದು ವರ್ಷ ಪೀಪಾಯಿಯ ಕತ್ತಲೆಯಲ್ಲಿ ಕುಳಿತು ಹೊರಬಂದ ಮದ್ಯದ ಸಾಚಾತನವನ್ನು ಅರಿಯುವುದು ಹೇಗೆ? ಅಮೆರಿಕದ ಕೆಂಟಕಿ ರಾಜ್ಯದ ಬರ್ಬನ್ ವಿಸ್ಕಿಯ ಚರಿತ್ರೆ ಬಹುಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಹುಡುಕಿದ ಚರಿತ್ರೆ. ಪಾನದ ಪ್ರಶಂಸೆ ನನ್ನ ಉದ್ದೇಶವಲ್ಲ; ನಂಬಿಕೆಯನ್ನು ಅಳೆಯಲು ಹೊರಟ ಮನುಷ್ಯ ಏನೇನು ಮಾಡಿದ ಎಂಬುದಷ್ಟೇ ಇಲ್ಲಿಯ ಕುತೂಹಲ.

ಮೊದಲ ಒರೆಗಲ್ಲು ಬೆಂಕಿ. ಹಿಂದಿನ ಇಂಗ್ಲೆಂಡಿನಲ್ಲಿ ಕೋವಿಮದ್ದನ್ನು ಮದ್ಯದಲ್ಲಿ ನೆನೆಸಿ ಬೆಂಕಿ ತಾಗಿಸುತ್ತಿದ್ದರಂತೆ. ಮದ್ದು ಹೊತ್ತಿಕೊಂಡರೆ ಸರಕು ಸಾಚಾ. ಇಲ್ಲವಾದರೆ ನೀರು ಬೆರೆತಿದೆಯೆಂದು ತೀರ್ಮಾನ. ಪುರಾವೆ ಎಂಬ ಅರ್ಥದ ‘ಪ್ರೂಫ್’ ಶಬ್ದ ಮದ್ಯದ ಅಳತೆಗೆ ಅಂಟಿಕೊಂಡದ್ದು ಹೀಗೆ ಎನ್ನುತ್ತಾರೆ. ಮುಂದೆ ದ್ರವಮಾಪಕ ಬಂದಿತು. ಅಮೆರಿಕದಲ್ಲಿ ಶೇಕಡ 50ರಷ್ಟು ಮದ್ಯಸಾರವುಳ್ಳದ್ದು 100 ಪ್ರೂಫ್ ಎನಿಸಿತು.

ಆದರೆ ಕಸುವು ಕಸುವನ್ನಷ್ಟೇ ಸಾಬೀತು ಮಾಡೀತು, ಪ್ರಾಮಾಣಿಕತೆಯನ್ನಲ್ಲ. 19ನೆಯ ಶತಮಾನದಲ್ಲಿ ಎಷ್ಟೋ ವರ್ತಕರು ಆಗತಾನೆ ಇಳಿಸಿದ ಸಾರಾಯಿಗೆ ಸುಟ್ಟ ಸಕ್ಕರೆಯ ಬಣ್ಣ, ಹಣ್ಣಿನ ರಸ, ಇನ್ನೂ ಏನೇನೋ ಬೆರೆಸಿ ಹಳೆಯ ವಿಸ್ಕಿಯೆಂದು ಮಾರಿದರು. ಇಂಥ ಮೋಸವನ್ನು ದ್ರವಮಾಪಕ ಹಿಡಿಯಲಾರದು. ಕೆಂಟಕಿಯ ಭಟ್ಟಿಯೊಡೆಯ ಕರ್ನಲ್ ಎಡ್ಮಂಡ್ ಹೇನ್ಸ್ ಟೇಲರ್ ಇದರ ವಿರುದ್ಧ ಹೋರಾಡಿದ. ಅದೇ ರಾಜ್ಯದವನಾದ ಖಜಾನೆಯ ಕಾರ್ಯದರ್ಶಿ ಜಾನ್ ಕಾರ್ಲೈಲ್ ಅವನ ಬೆಂಬಲಕ್ಕೆ ನಿಂತ. ಫಲವಾಗಿ ಬಂದದ್ದು 1897ರ ಕಾಯಿದೆ. ಒಂದೇ ಭಟ್ಟಿಯಲ್ಲಿ, ಒಂದೇ ಹಂಗಾಮಿನಲ್ಲಿ ಇಳಿಸಿ, ಸರ್ಕಾರದ ಕಾವಲಿನ ಉಗ್ರಾಣದಲ್ಲಿ ಕನಿಷ್ಠ 4 ವರ್ಷ ಇರಿಸಿ, 100 ಪ್ರೂಫಿಗೆ ಸರಿಪಡಿಸಿದ ಮದ್ಯಕ್ಕೆ ಮಾತ್ರ ಸರ್ಕಾರದ ಹಸಿರು ಮುದ್ರೆ. ಟೇಲರನಿಗೆ ಸ್ವಾರ್ಥವಿರಲಿಲ್ಲವೆಂದಲ್ಲ; ಕಲಬೆರಕೆಯವರು ಅವನ ಪ್ರತಿಸ್ಪರ್ಧಿಗಳಾಗಿದ್ದರು. ಆದರೂ ಅವನ ಸ್ವಾರ್ಥದಿಂದ ಕುಡಿಯುವವನಿಗೊಂದು ರಕ್ಷೆ ದೊರೆಯಿತು.

ಇಷ್ಟಾದರೂ ಮುದ್ರೆ ಹೇಳಲಾರದ ಸಂಗತಿಯೊಂದು ಉಳಿಯಿತು: ಕಾಲ ಆ ಮದ್ಯವನ್ನು ಪಕ್ವಗೊಳಿಸಿತೋ, ಕೆಡಿಸಿತೋ? ಬರ್ಬನ್ನಿನಲ್ಲಿ ಜೋಳದ ಪಾಲು ಶೇಕಡ 51ಕ್ಕೆ ಕಡಿಮೆಯಿರಬಾರದು. ಅದನ್ನು ಒಳಮೈ ಸುಟ್ಟ ಹೊಸ ಓಕ್ ಮರದ ಪೀಪಾಯಿಯಲ್ಲೇ ಇಡಬೇಕು. ತುಂಬುವಾಗ ಮದ್ಯಸಾರ ಶೇಕಡ 62.5ನ್ನು ಮೀರಬಾರದು. ಆದರೆ ಕೆಂಟಕಿಯ ಹಲವು ಅಂತಸ್ತಿನ ಉಗ್ರಾಣಗಳ ಮೇಲಟ್ಟಗಳಲ್ಲಿ, ಬೇಸಗೆಯ ಉರಿಯಲ್ಲಿ, ಮದ್ಯಸಾರಕ್ಕಿಂತ ನೀರು ಬೇಗ ಆವಿಯಾಗುತ್ತದೆ. ವರ್ಷ ಕಳೆದಂತೆ ಪೀಪಾಯಿ ಬರಿದಾಗುತ್ತದೆ, ಉಳಿದದ್ದು ಉಗ್ರವಾಗುತ್ತದೆ. ತಂಪು ನಾಡಾದ ಸ್ಕಾಟ್ಲೆಂಡಿನಲ್ಲಿ ಸಾಮಾನ್ಯವಾಗಿ ಇದಕ್ಕೆ ವಿರುದ್ಧ. ಅಲ್ಲಿ ವಯಸ್ಸಾದಂತೆ ಕಸುವು ಇಳಿಯುತ್ತದೆ. ಟೇಲರ್ ಸಾಲದಲ್ಲಿ ಮುಳುಗಿದಾಗ ಅವನ ಭಟ್ಟಿಯನ್ನು ವಶಪಡಿಸಿಕೊಂಡ ವರ್ತಕ ಜಾರ್ಜ್ ಸ್ಟ್ಯಾಗ್. ಅವನ ಹೆಸರಿನಲ್ಲಿ 2002ರಲ್ಲಿ ಮೊದಲು ಹೊರಬಂದ, ನೀರು ಬೆರೆಸದ ಹಳೆಯ ಬರ್ಬನ್ ಕೆಲವು ವರ್ಷ ಶೇಕಡ 70ನ್ನೂ ದಾಟಿದೆ.

ಇಂಥದನ್ನು ಪರೀಕ್ಷಿಸುವವನು ಅವಸರಪಡುವುದಿಲ್ಲ. ಬಾಯಿ ಕಿರಿದಾದ ಗಾಜಿನ ಲೋಟವನ್ನು ಮೂಗಿನಿಂದ ತುಸು ದೂರದಲ್ಲೇ ಹಿಡಿಯುತ್ತಾನೆ. ಹತ್ತಿರ ತಂದರೆ ಘಾಟು ಮೂಗನ್ನೇ ಮಂಕಾಗಿಸುತ್ತದೆ. ಮೊದಲ ಗುಟುಕು ನಾಲಗೆಯನ್ನು ಒದ್ದೆ ಮಾಡುವಷ್ಟು ಮಾತ್ರ. ಆಮೇಲೆ ನೀರು, ಹನಿಹನಿಯಾಗಿ. ಉರಿ ತಗ್ಗಿದಂತೆ ವೆನಿಲ್ಲಾ, ಕರಗಿ ಕಂದಿದ ಸಕ್ಕರೆ, ಲವಂಗ, ಕೊಬ್ಬರಿ—ಸುಟ್ಟ ಮರ ಕೊಟ್ಟ ಪರಿಮಳಗಳು—ಒಂದೊಂದಾಗಿ ತೆರೆದುಕೊಳ್ಳುತ್ತವೆ. ಅತಿಯಾಗಿ ಹಳತಾದದ್ದರಲ್ಲಿ ಮರದ ಒಗರೇ ಮುಂದೆ ನಿಂತು ಉಳಿದೆಲ್ಲವನ್ನೂ ನುಂಗುತ್ತದೆ. ಉರಿ ಸರಿದ ಮೇಲೆ ಏನು ಉಳಿಯಿತು ಎಂಬುದೇ ಕೊನೆಯ ಪ್ರಶ್ನೆ. ಕಸುಬಿನ ಪರೀಕ್ಷಕರು ಮದ್ಯಸಾರವನ್ನು ಶೇಕಡ 20ರವರೆಗೆ ಇಳಿಸಿ ಮೂಸುವುದೂ ಉಂಟು.

ಯಾವ ನೀರನ್ನು ಪತ್ತೆ ಹಚ್ಚಲೆಂದು ಹಿಂದಿನವರು ಕೋವಿಮದ್ದಿಗೆ ಬೆಂಕಿಯಿಟ್ಟರೋ, ಅದೇ ನೀರು ಇಂದು ಪರೀಕ್ಷಕನ ಒರೆಗಲ್ಲಾಗಿದೆ. ಮಾರುವವನು ಮರೆಯಲ್ಲಿ ಬೆರೆಸಿದರೆ ಅದು ಮೋಸ. ಅರಿಯಬೇಕೆಂಬವನು ಎದುರಿನಲ್ಲೇ ಬೆರೆಸಿದರೆ ಅದು ಪುರಾವೆ.