ಬ್ಯಾಟಿನ ಮೇಲಿನ ಹೆಸರು

ಕಳೆದ ತಿಂಗಳು ವಿಜಯಪುರದ ಗಾಂಧಿ ಚೌಕದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಭೆಟ್ಟಿಯಾದನು. ಆತನು ಊರ ಕ್ಲಬ್ಬೊಂದರ ಕ್ರಿಕೆಟ್ ಆಟಗಾರನು. “ಮಾಸ್ತರರೇ, ಬ್ಯಾಟು ತಯಾರಿಸುವವರೊಬ್ಬರು ನನಗೆ ಬ್ಯಾಟು, ಪ್ಯಾಡುಗಳನ್ನು ಬಿಟ್ಟಿ ಕೊಡುವರಂತೆ. ನಾನು ಅವರ ಹೆಸರಿನ ಬ್ಯಾಟಿನಿಂದಲೇ ಆಡಿ, ಹುಡುಗರಿಗೂ ಅದನ್ನೇ ಕೊಳ್ಳಲು ಹೇಳಬೇಕಂತೆ. ತೆಗೆದುಕೊಳ್ಳಬಹುದೇ?” ಎಂದು ಕೇಳಿದನು. ಪ್ರಶ್ನೆಯು ಸಣ್ಣದಾದರೂ ಅದರ ಹಿಂದಿನ ಇತಿಹಾಸವು ಸಣ್ಣದಲ್ಲ.

ಆಟಗಾರರಿಗೆ ಆಶ್ರಯವೀಯುವುದು ನಮ್ಮ ಸೀಮೆಗೆ ಹೊಸದಾಗಿರಲಿಲ್ಲ. ನೆರೆಯ ಕೊಲ್ಲಾಪುರದ ಶಾಹು ಮಹಾರಾಜರು ಪೈಲವಾನರನ್ನು ಪೋಷಿಸಿ, 1912ರಲ್ಲಿ ಖಾಸಬಾಗ ಕುಸ್ತಿ ಮೈದಾನವನ್ನು ಕಟ್ಟಿಸಿದರು. ಪೈಲವಾನನು ಗೆದ್ದರೆ ಸಂಸ್ಥಾನಕ್ಕೆ ಕೀರ್ತಿ. ಆತನು ಯಾರಿಗೂ ಯಾವ ಸರಕನ್ನೂ ಮಾರಬೇಕಾಗಿರಲಿಲ್ಲ.

ಕ್ರಿಕೆಟ್ಟಿನಲ್ಲಾದರೋ ಅಂಗಡಿಯೂ ಆಶ್ರಯದಾತನಾಯಿತು. 1885ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ಗನ್ನನೆಂಬ ಆಟಗಾರನು ಮೂರ್ ಎಂಬವನೊಡಗೂಡಿ ಬ್ಯಾಟಿನ ಉದ್ಯಮವನ್ನಾರಂಭಿಸಿದನು. ತನ್ನ ಹೆಸರಿಗೆ ತಾನೇ ಹೊಣೆಯಾಗಿದ್ದನು. ಮುಂದೆ ಯಾರ್ಕ್‌ಶಾಯರಿನ ಸೈಕ್ಸ್ ಕಂಪನಿಯು ಡಾನ್ ಬ್ರಾಡ್ಮನ್ನನ ಹೆಸರಿನಲ್ಲಿ ಬ್ಯಾಟುಗಳನ್ನು ಮಾರಿತು. 1930ರಲ್ಲಿ ಲೀಡ್ಸಿನಲ್ಲಿ 334 ರನ್ನು ಹೊಡೆದ ಆ ವೀರನು ಸ್ವತಃ ಸೈಕ್ಸ್ ಬ್ಯಾಟನ್ನೇ ಹಿಡಿಯುತ್ತಿದ್ದುದರಿಂದ ಹೆಸರಿಗೂ ವಸ್ತುವಿಗೂ ನಂಟು ಉಳಿದಿತ್ತು.

1947ರ ದೇಶವಿಭಜನೆಯ ತರುವಾಯ ಸಿಯಾಲಕೋಟದಿಂದ ಬಂದ ಉದ್ಯಮಿಗಳೂ ಕುಶಲಕರ್ಮಿಗಳೂ ಮೀರತ, ಜಲಂಧರಗಳಲ್ಲಿ ನೆಲೆಯೂರಿ ಈ ಕಸುಬನ್ನು ಬೆಳೆಯಿಸಿದರು. ತಯಾರಕರು ಹೆಚ್ಚಿದಂತೆ ಪೈಪೋಟಿಯೂ ಹೆಚ್ಚಿತು. 1996ರ ವಿಶ್ವಕಪ್ಪಿನಲ್ಲಿ ಸಚಿನ್ ತೆಂಡೂಲ್ಕರರು 523 ರನ್ನು ಗಳಿಸಿದರು. ಆಗ ಅವರ ಬ್ಯಾಟಿನ ಮೇಲೆ ಹೆಸರಿರಲಿಲ್ಲ. ಬಳಿಕ ಮೂಡಿದ್ದು ಟಯರು ತಯಾರಿಸುವ ಎಂಆರ್‌ಎಫ್ ಸಂಸ್ಥೆಯ ಹೆಸರು! ಆದರೆ ಅದು ಜಾಹೀರಾತೆಂದು ನೋಡಿದವರೆಲ್ಲರೂ ಬಲ್ಲರು.

ಕ್ಲಬ್ಬಿನ ಆಟಗಾರನ ಸ್ಥಿತಿಯು ಬೇರೆ. ಆತನ ಮಾತು ಓಣಿಯ ಹುಡುಗರಿಗೆ ಅಣ್ಣನ ಮಾತಾಗಿ ಕೇಳಿಸುತ್ತದೆ. ಅದನ್ನು ನಂಬಿ ಬಡ ತಂದೆಯೊಬ್ಬನು ತನ್ನ ತಿಂಗಳ ಗಳಿಕೆಯನ್ನೇ ಅಂಗಡಿಗೆ ಸುರಿದಾನು. ದಾನಕ್ಕೂ ಕ್ರಯಕ್ಕೂ ಇರುವ ಭೇದವನ್ನು ನಮ್ಮ ಧರ್ಮಶಾಸ್ತ್ರಕಾರರು ಸ್ಪಷ್ಟವಾಗಿ ವಿವೇಚಿಸಿದ್ದಾರೆ. ಪ್ರತಿಫಲವನ್ನು ಗೊತ್ತುಮಾಡಿ ಕೊಟ್ಟದ್ದು ದಾನವೆನಿಸದು.

ಆದುದರಿಂದ, “ತಮ್ಮಾ, ಬ್ಯಾಟು ತೆಗೆದುಕೋ. ಆದರೆ ಕೇಳಿದವರಿಗೆ ಅದು ಬಿಟ್ಟಿ ಬಂದದ್ದೆಂಬುದನ್ನು ಮೊದಲು ಹೇಳು, ಆಮೇಲೆ ಅದರ ಗುಣದೋಷಗಳೆರಡನ್ನೂ ಹೇಳು” ಎಂದೆನು.

“ಹಾಗೆ ಹೇಳಿದರೆ ಅವರು ಕೊಡಲಿಕ್ಕಿಲ್ಲರೀ.”

“ಹಾಗಾದರೆ ಅವರಿಗೆ ಬೇಕಾದುದು ನಿನ್ನ ಮಾತು. ಅದರ ಬೆಲೆಯು ಒಂದು ಬ್ಯಾಟಿಗಿಂತ ಹೆಚ್ಚಿನದು.”

ಶಿಷ್ಯನು ನಮಸ್ಕರಿಸಿ, ವಿಚಾರಮಾಡುತ್ತ ಹೊರಟುಹೋದನು.