ಊರ ವಾಚನಾಲಯದ ಲೆಕ್ಕ

ನಮ್ಮ ಕಾಸರಗೋಡಿನ ಊರುಗಳಲ್ಲಿರುವ ವಾಚನಾಲಯವನ್ನು ಬರಿಯ ಪೇಪರು ಓದುವ ಜಾಗವೆಂದು ತಿಳಿಯಬೇಡಿ. 1945ರಲ್ಲಿ ಪಿ.ಎನ್. ಪಣಿಕ್ಕರ್ ಎಂಬ ಶಾಲಾ ಮೇಷ್ಟ್ರು ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳನ್ನು ಒಟ್ಟುಗೂಡಿಸಿ ಸಂಘ ಕಟ್ಟಿದರು. ಅದು ಆಗ ತಿರುವಾಂಕೂರಿನ ಸಂಗತಿ. 1956ರಲ್ಲಿ ಕೇರಳಕ್ಕೆ ಸೇರಿದ ನಮಗೂ ಆಮೇಲೆ ಅದರ ಪಾಲು ಬಂತು.

ಓದು ಬಾರದ ಬಡವರಿಗೆ ಗ್ರಂಥಾಲಯವೇಕೆ ಎನ್ನುವಿರಾ? ಅಕ್ಷರ ಕಲಿಸುವ ಕೆಲಸಕ್ಕೂ ಅವೇ ಹೆಗಲು ಕೊಟ್ಟವು. 1991ರ ಏಪ್ರಿಲ್ 18ರಂದು ಕೋಝಿಕ್ಕೋಡಿನಲ್ಲಿ ಕೇರಳ ಪೂರ್ಣ ಸಾಕ್ಷರವೆಂದು ಘೋಷಿಸಿದವರು ಮಂತ್ರಿಯಲ್ಲ, ಇಳಿವಯಸ್ಸಿನಲ್ಲಿ ಅಕ್ಷರ ಕಲಿತ ಚೇಲಕ್ಕೋಡನ್ ಆಯಿಷಾ!

ಮಕ್ಕಳಿಗೆ ಬಾಲವೇದಿ, ಹೆಂಗಸರಿಗೆ ವನಿತಾವೇದಿ, ಮುದುಕರಿಗೆ ವಯೋಜನವೇದಿ. ಮನೆ ಬಿಟ್ಟು ಬರಲಾಗದವರಿಗೆ ಮನೆಬಾಗಿಲಿಗೇ ಪುಸ್ತಕ. ಖರ್ಚಿಗೆ ದಾರಿ? 1989ರ ಕಾನೂನಿನಂತೆ ಕಟ್ಟಡ ತೆರಿಗೆಯ ಪ್ರತಿ ರೂಪಾಯಿಗೆ 5 ಪೈಸೆ ಗ್ರಂಥಾಲಯ ಸೆಸ್. ಬ್ಯಾಂಕಿನಲ್ಲಿ ಪೈಸೆ ಎಣಿಸಿದ ನನಗೆ ಈ ಲೆಕ್ಕ ಬಹಳ ಹಿಡಿಸಿತು. ಹಣ ನಮ್ಮದೇ.

ಆದರೆ ಕನ್ನಡ ಮಾತ್ರ ಓದಬಲ್ಲ ಅಜ್ಜಿಗೆ ಕಪಾಟಿನಲ್ಲಿ ಏನಿದೆ? ಪುಸ್ತಕ ಆರಿಸುವುದು ಸದಸ್ಯರೇ ಚುನಾಯಿಸಿದ ಸಮಿತಿ. ಮುಂದಿನ ಮಹಾಸಭೆಗೆ ಹೋಗಿ, ಕೇಳಿ ನೋಡಿ.