ಗೋಡೆಯ ಮೇಲಣ ಭಗತ್ ಸಿಂಗ್

ಕಳಸದ ಸಮೀಪ ಕಾಫಿ ತೋಟವೊಂದರ ನಡುವೆ ಇರುವ ಸದ್ಭಕ್ತರ ಮನೆಗೆ ಪಾದಪೂಜೆಯ ನಿಮಿತ್ತ ಹೋಗಿದ್ದೆವು. ಆ ಹಳೆಯ ಮನೆಯ ಪಡಸಾಲೆಯಲ್ಲಿ, ಬಸವಣ್ಣನವರ ಪಟದ ಪಕ್ಕದಲ್ಲಿಯೇ, ಮಳೆಗಾಲದ ತೇವಕ್ಕೆ ಅಂಚು ಕಂದಿದ ಒಂದು ಮುದ್ರಿತ ಚಿತ್ರವು ಗಾಜಿನ ಚೌಕಟ್ಟಿನೊಳಗೆ ತೂಗುತ್ತಿತ್ತು. ತಲೆಯ ಮೇಲೆ ಹ್ಯಾಟು, ತೆಳುವಾದ ಮೀಸೆ, ನೋಡುವವರನ್ನೇ ನೇರವಾಗಿ ದಿಟ್ಟಿಸುವ ಕಣ್ಣುಗಳು; ಅದು ಹುತಾತ್ಮ ಭಗತ್ ಸಿಂಗರ ಚಿತ್ರ. ಉಳಿದ ಪಟಗಳಂತೆ ಅದಕ್ಕೂ ವಿಭೂತಿ ಹಚ್ಚಿ ಹೂವಿಟ್ಟಿದ್ದರು. ಆ ಮನೆಯ ಮೊಮ್ಮಗನು ಕೈಮುಗಿದು, "ಬುದ್ಧಿ, ಇವರು ದೇವರನ್ನು ನಂಬುತ್ತಿರಲಿಲ್ಲವಂತೆ. ಇವರಿಗೆ ಪೂಜೆ ಮಾಡಬಹುದೆ?" ಎಂದು ಕೇಳಿದನು. ಪ್ರಶ್ನೆಯು ಸಣ್ಣದಲ್ಲ. ಉತ್ತರಕ್ಕೆ ಮೊದಲು ಆ ಚಿತ್ರದ ಚರಿತ್ರೆಯನ್ನು ತಿಳಿಯಬೇಕು.

1928ರ ಡಿಸೆಂಬರ್ 17ರಂದು ಲಾಹೋರಿನಲ್ಲಿ ಪೊಲೀಸ್ ಅಧಿಕಾರಿ ಸಾಂಡರ್ಸನ ಹತ್ಯೆಯಾಯಿತು. ಪೊಲೀಸರ ಕಣ್ಣಿಗೆ ಬೀಳದಿರಲು ಭಗತ್ ಸಿಂಗರು ಕೇಶ ಶ್ಮಶ್ರುಗಳಿಲ್ಲದೆ, ಹ್ಯಾಟು ಧರಿಸಿ ಓಡಾಡುತ್ತಿದ್ದರು. 1929ರ ಏಪ್ರಿಲ್ 8ರಂದು ಅವರೂ ಬಟುಕೇಶ್ವರ ದತ್ತರೂ ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಬಾಂಬು ಎಸೆದು, ಓಡಿಹೋಗದೆ ಸೆರೆಯಾದರು. ಅದಕ್ಕೆ ಕೆಲವೇ ದಿನ ಮೊದಲು ಇಬ್ಬರೂ ದೆಹಲಿಯ ಕಾಶ್ಮೀರಿ ಗೇಟಿನ ಸ್ಟುಡಿಯೋ ಒಂದರಲ್ಲಿ ಭಾವಚಿತ್ರ ತೆಗೆಸಿಕೊಂಡಿದ್ದರು. ತಾವು ಸೆರೆಯಾದ ಮೇಲೆ ತಮ್ಮ ಮುಖವು ಜನರ ಮುಂದೆ ಉಳಿಯಲೆಂಬುದೇ ಉದ್ದೇಶ. ಆ ತಿಂಗಳಲ್ಲಿಯೇ ಚಿತ್ರವು ಪತ್ರಿಕೆಗಳಲ್ಲಿ ಪ್ರಕಟವಾಯಿತು. 1931ರ ಮಾರ್ಚ್ 23ರಂದು ರಾಜಗುರು, ಸುಖದೇವರೊಡನೆ ಅವರನ್ನು ಗಲ್ಲಿಗೇರಿಸಿದ ಬಳಿಕ ಮುದ್ರಣಾಲಯಗಳು ಆ ಮುಖವನ್ನು ಬಣ್ಣದಲ್ಲಿ ಅಚ್ಚು ಹಾಕಿ ಹಳ್ಳಿಹಳ್ಳಿಗೂ ಮುಟ್ಟಿಸಿದವು. ಇಂತಹ ಹಲವು ಚಿತ್ರಗಳನ್ನು ಬ್ರಿಟಿಷ್ ಸರಕಾರವು ಮುಟ್ಟುಗೋಲು ಹಾಕಿಕೊಂಡಿತು. ಒಂದು ಕಾಗದದ ಹಾಳೆಗೆ ಸಾಮ್ರಾಜ್ಯವು ಅಂಜಿತು!

ಮುಂದೆ ಚಿತ್ರಕಾರರು ಹ್ಯಾಟನ್ನು ತೆಗೆದು ಹಳದಿಯ ಪೇಟವನ್ನು ತೊಡಿಸಿದರು. ಅವರ ಛಾಯಾಚಿತ್ರಗಳೆಲ್ಲ ಕಪ್ಪು ಬಿಳುಪಿನವು. ಆ ಬಣ್ಣವು ಭಕ್ತಿಯ ಬಣ್ಣ. ಅದೇ ಭಕ್ತಿಯು ವಿಭೂತಿಯನ್ನೂ ಹಚ್ಚಿತು. ಆದರೆ 1930ರಲ್ಲಿ ಲಾಹೋರಿನ ಸೆರೆಮನೆಯಲ್ಲಿ ಕುಳಿತು ತಾವೇಕೆ ನಾಸ್ತಿಕರೆಂಬುದನ್ನು ಅವರು ದೀರ್ಘವಾಗಿ ಬರೆದರು. ಪರಲೋಕದ ಫಲವನ್ನು ಬಯಸದೆ ಪ್ರಾಣವನ್ನು ಕೊಡುವುದೇ ಅವರ ನಿಲುವು. ಅವರ ಮಾರ್ಗದಲ್ಲಿ ಹಿಂಸೆಯಿತ್ತು. ಅದನ್ನು ನಾವು ಒಪ್ಪಬೇಕಾಗಿಲ್ಲ. ಅವರ ನಿಷ್ಕಾಮವನ್ನು ಮಾತ್ರ ಅಲ್ಲಗಳೆಯಲಾಗದು.

ಆ ಪಟದ ಎದುರು ಕುಳಿತಾಗ, ಗೋಡೆಯ ಮೇಲೆ ಇಲ್ಲದವರ ನೆನಪೂ ಬಂದಿತು. ಇದೇ ಚಿಕ್ಕಮಗಳೂರು ಜಿಲ್ಲೆಯ ತರೀಕೆರೆಯ ಪಾಳೆಯಗಾರರ ವಂಶದವರು 1830ರ ನಗರ ದಂಗೆಯಲ್ಲಿ ಮುಂದಾಳುಗಳಾಗಿದ್ದರು. ಕಂದಾಯದ ಹೊರೆಯಿಂದಲೂ ಅಧಿಕಾರಿಗಳ ದಬ್ಬಾಳಿಕೆಯಿಂದಲೂ ಬೆಂದ ರೈತರು ಕೂಟ ಕಟ್ಟಿ ಎದ್ದುನಿಂತರು. ಅದನ್ನೇ ಕಾರಣವಾಗಿ ಮುಂದಿಟ್ಟು ಕಂಪನಿ ಸರಕಾರವು 1831ರಲ್ಲಿ ಮುಮ್ಮಡಿ ಕೃಷ್ಣರಾಜರ ಕೈಯಿಂದ ರಾಜ್ಯಾಡಳಿತವನ್ನು ತೆಗೆದುಕೊಂಡಿತು. ಅದು ಅರಮನೆಗೆ ಮರಳಿದ್ದು 1881ರಲ್ಲಿ. ತರೀಕೆರೆಯ ಸರ್ಜಾ ಹನುಮಪ್ಪನಾಯಕನನ್ನು 1834ರಲ್ಲಿ ಹಿಡಿದು ಗಲ್ಲಿಗೇರಿಸಿದರು. ಛಾಯಾಗ್ರಹಣದ ವಿದ್ಯೆಯು ಜಗತ್ತಿಗೆ ಪ್ರಕಟವಾದುದು 1839ರಲ್ಲಿ. ಐದು ವರ್ಷಗಳ ಅಂತರದಲ್ಲಿ ಅವನ ಮುಖವು ಕಾಲಗರ್ಭವನ್ನು ಸೇರಿತು. ಮುಖವಿಲ್ಲದವನಿಗೆ ಚೌಕಟ್ಟಿಲ್ಲ, ಚೌಕಟ್ಟಿಲ್ಲದವನ ಹೆಸರನ್ನು ಅವನ ನೆಲದ ಮಕ್ಕಳೇ ಅರಿಯರು.

ಆ ಬಾಲಕನಿಗೆ ನಾವು ಹೇಳಿದೆವು: "ಮಗು, ಪಟವನ್ನು ಇಳಿಸಬೇಡ, ಗಾಜನ್ನು ಒರೆಸಿಡು. ಅವರು ಒಲ್ಲೆನೆಂದ ವಿಭೂತಿಯನ್ನು ಅವರ ಹಣೆಗೆ ಹಚ್ಚುವುದು ಬೇಡ. ಹೂವು ಇರಲಿ, ಅದು ಕೃತಜ್ಞತೆ. ಅವರು ಬರೆದುದನ್ನು ಓದು. ತರೀಕೆರೆಯ ಕಡೆಗೆ ಹೋದಾಗ ಚಿತ್ರವಿಲ್ಲದ ಆ ನಾಯಕನನ್ನೂ ನೆನೆ."

ಹಿರಿಯ ಯಜಮಾನರು ಮರುಮಾತಾಡದೆ ಎದ್ದು, ಶಲ್ಯದ ಅಂಚಿನಿಂದ ಗಾಜನ್ನು ಒರೆಸಿದರು. ಪೂಜೆಯ ನಂಟನ್ನು ಬಿಡಿಸಿದ ಮೇಲೂ ಗೌರವವು ಕಡಿಮೆಯಾಗಲಿಲ್ಲ. ಆ ಕಣ್ಣುಗಳು ಇನ್ನಷ್ಟು ಸ್ಪಷ್ಟವಾಗಿ ಕಂಡವು.